ಪಿಎಚ್.ಡಿ ಯಾವುದರಲ್ಲಿ ಮಾಡಲಿ? ಬಿಸಿನೆಸ್, ಶಿಕ್ಷಣ, ಎಂಜಿನಿಯರಿಂಗ್ ನಡುವೆ ಆರಿಸುವವರಿಗೆ

ಎಂ.ಟೆಕ್ ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡುವವರು, ಜೊತೆಗೊಂದು ಎಂಬಿಎ ಇರುವವರು, ಎಂ.ಎಡ್ ಮಾಡಿಕೊಂಡು ಪ್ರೌಢಶಾಲೆಯಲ್ಲಿರುವ ಶಿಕ್ಷಕರು. ಪಿಎಚ್.ಡಿ ಪ್ರಕಟಣೆ ಬಂದ ಕೂಡಲೇ ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವುದರಲ್ಲಿ ಮಾಡಿದರೆ ಒಳ್ಳೇದು?" ಹೆಚ್ಚಿನವರು ಉತ್ತರ ಹುಡುಕುವುದು ಕೆಲಸ ಸಿಗುವ ಲೆಕ್ಕದಲ್ಲಿ, ಇಲ್ಲವೇ ಬೇಗ ಮುಗಿಯುವ ಲೆಕ್ಕದಲ್ಲಿ. ಎರಡೂ ಮುಖ್ಯವೇ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಇದೆ. ನಿಮ್ಮ ಸಂಶೋಧನೆಗೆ ಬೇಕಾದ ಮಾಹಿತಿ ಎಲ್ಲಿಂದ ಬರುತ್ತದೆ? ಅದನ್ನು ಕೊಡುವವರು ಯಾರು? ಅವರು "ಇಲ್ಲ" ಅಂದರೆ ನೀವು ಏನು ಮಾಡುತ್ತೀರಿ?

ಈ ಮೂರು ವಿಷಯಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಎಂಜಿನಿಯರಿಂಗ್‌ನಲ್ಲಿ ನೀವು ಉಪಕರಣಕ್ಕೆ ಕಾಯುತ್ತೀರಿ. ಶಿಕ್ಷಣದಲ್ಲಿ ಶಾಲೆಯ ಕ್ಯಾಲೆಂಡರಿಗೆ ಕಾಯುತ್ತೀರಿ. ಬಿಸಿನೆಸ್‌ನಲ್ಲಿ ಕಂಪನಿಯ ಒಪ್ಪಿಗೆಗೆ ಕಾಯುತ್ತೀರಿ. ಯಾವ ಕಾಯುವಿಕೆ ನಿಮಗೆ ಸಹಿಸಲು ಆಗುತ್ತದೆ ಅನ್ನುವುದು ಅಂಕಪಟ್ಟಿ ನೋಡಿ ಗೊತ್ತಾಗುವ ಸಂಗತಿಯಲ್ಲ.

ಒಂದೇ ಡೇರಿ, ಮೂರು ಪ್ರಶ್ನೆ

ನಮ್ಮ ಹಳ್ಳಿಗಳ ಹಾಲಿನ ಡೇರಿಯನ್ನೇ ನೋಡಿ. ಬೆಳಿಗ್ಗೆ, ಸಂಜೆ ಜನ ಕ್ಯಾನು ಹಿಡಿದು ಬರುತ್ತಾರೆ. ಹಾಲು ಅಳೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ಚೀಟಿ ಕೊಡುತ್ತಾರೆ. ಅದರ ಮೇಲೆ ದುಡ್ಡು. ಆಮೇಲೆ ಹಾಲು ಬಲ್ಕ್ ಕೂಲರಿನಲ್ಲಿ 4 ಡಿಗ್ರಿಯವರೆಗೆ ತಣ್ಣಗಾಗಿ, ಟ್ಯಾಂಕರಿನಲ್ಲಿ ಒಕ್ಕೂಟಕ್ಕೆ ಹೋಗುತ್ತದೆ.

ಎಂಜಿನಿಯರ್ ಇಲ್ಲಿ ಕೇಳುವ ಪ್ರಶ್ನೆ: ಕರೆಂಟ್ ಹೋದರೆ ಈ ಹಾಲು ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ? ಡೀಸೆಲ್ ಜನರೇಟರ್ ಇಲ್ಲದೆ, ಹಗಲಿನ ಸೌರಶಕ್ತಿಯಿಂದ ತಂಪನ್ನು ಕೂಡಿಟ್ಟುಕೊಂಡು ರಾತ್ರಿ ಬಳಸಬಹುದೇ? ಇದಕ್ಕೆ ಒಂದು ಮಾದರಿ ಕಟ್ಟಬೇಕು, ಸೆನ್ಸರ್ ಕೂರಿಸಬೇಕು, ತಿಂಗಳುಗಟ್ಟಲೆ ತಾಪಮಾನ ಬರೆದಿಡಬೇಕು.

ಮ್ಯಾನೇಜ್‌ಮೆಂಟ್ ಸಂಶೋಧಕರ ಪ್ರಶ್ನೆ ಬೇರೆ. ಖಾಸಗಿ ಡೇರಿಯವರು ಲೀಟರಿಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದಾಗ ಯಾವ ಸದಸ್ಯರು ಸಂಘ ಬಿಟ್ಟು ಹೋಗುತ್ತಾರೆ? ಹೋಗದವರು ಯಾಕೆ ಹೋಗುವುದಿಲ್ಲ? ಸರ್ಕಾರದ ಪ್ರೋತ್ಸಾಹಧನವೋ, ಬೋನಸ್ಸೋ, ಸಂಘದ ಕಾರ್ಯದರ್ಶಿಯ ಮೇಲಿನ ನಂಬಿಕೆಯೋ? ಇದಕ್ಕೆ ಸಂಘದ ಲೆಕ್ಕದ ಪುಸ್ತಕ ಬೇಕು. ಸದಸ್ಯರ ಜೊತೆ ಕೂತು ಮಾತಾಡಬೇಕು.

ಶಿಕ್ಷಣದ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ಚೀಟಿಯಲ್ಲಿ 3.8, 8.5 ಅಂತ ಇರುತ್ತದೆ. ಶಾಲೆಯಲ್ಲಿ ದಶಮಾಂಶ ಅಂದರೆ ತಲೆ ತಗ್ಗಿಸುವ ಹುಡುಗ ಡೇರಿಯಲ್ಲಿ ಅದೇ ಅಂಕಿ ನೋಡಿ ಇವತ್ತು ಎಷ್ಟು ರೂಪಾಯಿ ಅಂತ ಬಾಯಲ್ಲೇ ಹೇಳಿಬಿಟ್ಟರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಅವನಿಗೆ ಗೊತ್ತಿರುವುದು ಏನು, ಪಾಠ ಅವನನ್ನು ಎಲ್ಲಿ ಕೈಬಿಟ್ಟಿದೆ? ಬ್ರೆಜಿಲ್ ದೇಶದ ರೆಸೀಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕದ ಬಗ್ಗೆ 1985ರಲ್ಲಿ ಬಂದ ಅಧ್ಯಯನ ಇಂಥದ್ದೇ ಪ್ರಶ್ನೆಯಿಂದ ಹೊರಟದ್ದು. ಅದನ್ನು ಇವತ್ತಿಗೂ ಜಗತ್ತಿನಾದ್ಯಂತ ಶಿಕ್ಷಣದ ವಿದ್ಯಾರ್ಥಿಗಳು ಓದುತ್ತಾರೆ.

ಈ ಮೂರರಲ್ಲಿ ಯಾವುದನ್ನು ಓದುವಾಗ ನಿಮ್ಮ ತಲೆಯಲ್ಲಿ ಇನ್ನೊಂದು ಪ್ರಶ್ನೆ ತಾನಾಗಿಯೇ ಎದ್ದಿತು? ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಕೆಲಸ, ದುಡ್ಡು, ಸಮಯದ ಲೆಕ್ಕ ಅದರ ನಂತರ.

ಶಿಕ್ಷಣ: ಸುಲಭ ಅನ್ನುವ ತಪ್ಪು ಕಲ್ಪನೆ

ಮೂರರಲ್ಲಿ ಇದೇ ಸುಲಭ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಪ್ರಶ್ನಾವಳಿ ಹಂಚಿದರೆ ಆಯಿತು, ಶಾಲೆಗಳು ಹೇಗೂ ಇವೆಯಲ್ಲ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಚೆನ್ನಾಗಿ ಮಾಡಿದರೆ ಮೂರರಲ್ಲಿ ಕಷ್ಟದ್ದು ಇದೇ.

ಮೊದಲು ಅನುಮತಿ. ಸರ್ಕಾರಿ ಶಾಲೆಗೆ ಹೋಗಬೇಕಾದರೆ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಅಥವಾ ತಾಲ್ಲೂಕಿನ ಬಿಇಒ ಕಚೇರಿಯ ಪತ್ರ ಬೇಕು. ಆಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆ. ಮಕ್ಕಳ ಜೊತೆ ಮಾತಾಡುತ್ತೀರಿ, ರೆಕಾರ್ಡ್ ಮಾಡುತ್ತೀರಿ ಅಂದರೆ ಪೋಷಕರ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ಆದ ಮೇಲೆ ಕ್ಯಾಲೆಂಡರ್ ನೋಡಿ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಮೊದಲ ತಿಂಗಳು ದಾಖಲಾತಿ, ಪುಸ್ತಕ ಹಂಚುವುದು. ಅಕ್ಟೋಬರಿನಲ್ಲಿ ದಸರಾ ರಜೆ. ಡಿಸೆಂಬರ್ ಬಂದರೆ ಶಾಲಾ ವಾರ್ಷಿಕೋತ್ಸವ, ಪ್ರವಾಸ. ಆಮೇಲೆ ಪರೀಕ್ಷೆಯ ತಯಾರಿ. ಹತ್ತನೇ ತರಗತಿಯನ್ನಂತೂ ಯಾರೂ ಮುಟ್ಟಲು ಬಿಡುವುದಿಲ್ಲ. ಹೊಸ ಬೋಧನಾ ವಿಧಾನ ಪ್ರಯೋಗಿಸಿ ನೋಡುವವರಿಗೆ ಸಿಗುವುದು ಜುಲೈಯಿಂದ ಸೆಪ್ಟೆಂಬರ್, ಆಮೇಲೆ ನವೆಂಬರ್ ಸುತ್ತಿನ ಸ್ವಲ್ಪ ದಿನ. ಅದು ತಪ್ಪಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಎರಡನೆಯದು ಭಾಷೆ. ಇಂಗ್ಲಿಷಿನಲ್ಲಿ ತಯಾರಾದ ಪರೀಕ್ಷೆಯನ್ನು ಕನ್ನಡಕ್ಕೆ ತಂದರೆ ಸಾಲದು. ಬೇರೊಬ್ಬರ ಕೈಯಲ್ಲಿ ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿಸಿ, ಮೂಲದ ಜೊತೆ ಹೋಲಿಸಬೇಕು. ಆಮೇಲೆ ಕೆಲವು ಮಕ್ಕಳ ಮೇಲೆ ಪರೀಕ್ಷಿಸಬೇಕು. ಮೈಸೂರಿನ ಮಗುವಿಗೆ ತಿಳಿಯುವ ವಾಕ್ಯ ಕಲಬುರಗಿಯ ಮಗುವಿಗೆ ಹಾಗೇ ತಿಳಿಯಬೇಕಿಲ್ಲ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳು ಅದೇ ಬೆಂಚಿನಲ್ಲಿ ಇರುತ್ತಾರೆ. ಈ ಕೆಲಸಕ್ಕೇ ಆರು ತಿಂಗಳು ಹಿಡಿದರೆ ಅಚ್ಚರಿ ಇಲ್ಲ. ಆದರೆ ಕನ್ನಡದಲ್ಲಿ ಗಟ್ಟಿಯಾದ ಒಂದು ಓದಿನ ಪರೀಕ್ಷೆಯೋ ಗಣಿತದ ಪರೀಕ್ಷೆಯೋ ತಯಾರಾದರೆ ನಿಮ್ಮ ನಂತರ ಬರುವವರೆಲ್ಲ ಅದನ್ನು ಬಳಸುತ್ತಾರೆ.

ಮಾಡಲು ಇಲ್ಲಿ ಎಷ್ಟೊಂದು ಇದೆ! ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಅಲ್ಲಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕೆಲವೇ ಶಾಲೆಗಳಲ್ಲಿ ಶಿಕ್ಷಕರು ತಾವೇ ಕಟ್ಟಿಕೊಂಡ ಪದ್ಧತಿ ಆದೇಶವಾಗಿ ಎಲ್ಲ ಕಡೆ ಹೋದಾಗ ಏನು ಉಳಿಯಿತು, ಏನು ಕಳೆಯಿತು? ಇದೊಂದರಲ್ಲೇ ಹತ್ತು ಪ್ರಬಂಧಕ್ಕೆ ಸಾಮಗ್ರಿ ಇದೆ. ದೇಶದ ಶಾಲೆಗಳ ಸರ್ಕಾರಿ ದಾಖಲೆಯಾದ ಯೂಡೈಸ್ ಅಂಕಿಅಂಶ ಸಿಗುತ್ತದೆ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ, 2005ರಿಂದ ಬರುತ್ತಿರುವ ಅಸರ್ ಸಮೀಕ್ಷೆ ಇದೆ. ಹಾಗಿದ್ದೂ ಪಿಎಚ್.ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆಗೆದು ನೋಡಿದರೆ "ಒಂಬತ್ತನೇ ತರಗತಿ ಮಕ್ಕಳ ಓದಿನ ಅಭ್ಯಾಸ ಮತ್ತು ಅಂಕಗಳ ಸಂಬಂಧ" ಎಂಬಂಥ ಶೀರ್ಷಿಕೆಯೇ ಜಿಲ್ಲೆ ಬದಲಿಸಿಕೊಂಡು ಮತ್ತೆ ಮತ್ತೆ ಸಿಗುತ್ತದೆ. ದಯವಿಟ್ಟು ಆ ಸಾಲಿಗೆ ಇನ್ನೊಂದು ಸೇರಿಸಬೇಡಿ.

ಪ್ರವೇಶಕ್ಕೆ ಹೆಚ್ಚಿನ ಕಡೆ ಎಂ.ಎಡ್ ಅಥವಾ ಶಿಕ್ಷಣದಲ್ಲಿ ಎಂ.ಎ ಕೇಳುತ್ತಾರೆ. 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ವಿಭಾಗಗಳಿವೆ. ಆಡಳಿತ, ನೀತಿಯ ಕಡೆ ಒಲವಿದ್ದರೆ ದೆಹಲಿಯ ನೀಪಾ (ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) ನೋಡಿ. ಕೆಲಸದ ಮಟ್ಟಿಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಜಾಗ ಕಡಿಮೆ. ಬಿ.ಎಡ್ ಕಾಲೇಜು, ವಿಶ್ವವಿದ್ಯಾಲಯ, ಶಿಕ್ಷಣದಲ್ಲಿ ಕೆಲಸ ಮಾಡುವ ಸಂಸ್ಥೆಗಳು, ಅಷ್ಟೇ. ಪ್ರೌಢಶಾಲೆಯ ಶಿಕ್ಷಕರಿಗೆ ಪಿಎಚ್.ಡಿ ಬಂದ ಮಾತ್ರಕ್ಕೆ ಹುದ್ದೆ ಬದಲಾಗುವುದಿಲ್ಲ. ಅದು ಗೊತ್ತಿದ್ದೂ ಮಾಡುತ್ತೇನೆ ಅನ್ನುವವರು ಬಂದರೆ ನನಗೆ ಖುಷಿ.

ಎಂಜಿನಿಯರಿಂಗ್: ಉಪಕರಣ ಯಾರದು?

ಇಲ್ಲಿ ಮೊದಲ ಪ್ರಶ್ನೆ ಲ್ಯಾಬಿನದು. ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿಯಂಥ ಕಡೆ ಸೇರಿದರೆ ಉಪಕರಣ ಅಲ್ಲೇ ಇರುತ್ತದೆ, ಸರದಿ ಮಾತ್ರ ಕಾಯಬೇಕು. ವಿಟಿಯು ಸಂಯೋಜಿತ ಕಾಲೇಜಿನ ರಿಸರ್ಚ್ ಸೆಂಟರಿನಲ್ಲಿ ನೋಂದಾಯಿಸಿಕೊಂಡರೆ ಕತೆ ಬೇರೆ. ಕೆಲವು ಕಾಲೇಜುಗಳಲ್ಲಿ ಒಳ್ಳೆಯ ಲ್ಯಾಬ್ ಇದೆ. ಕೆಲವು ಕಡೆ ಬಿ.ಇ. ಮಕ್ಕಳ ಪ್ರಾಕ್ಟಿಕಲ್‌ಗೆ ಇರುವ ಯಂತ್ರಗಳೇ ಸಂಶೋಧನೆಗೂ. ಹಾಗಾಗಿ ಅರ್ಜಿ ಹಾಕುವ ಮೊದಲು ಹೋಗಿ ಲ್ಯಾಬ್ ನೋಡಿ. ಯಂತ್ರ ಇದೆ ಅಂದರೆ ಸಾಲದು. ಅದು ಈಗ ನಡೆಯುತ್ತಿದೆಯೇ, ನಡೆಸಲು ಬರುವ ಟೆಕ್ನಿಷಿಯನ್ ಇದ್ದಾರೆಯೇ ಕೇಳಿ.

ಲ್ಯಾಬ್ ಇಲ್ಲದವರಿಗೂ ಈಗ ದಾರಿ ಇದೆ. ಐ-ಸ್ಟೆಮ್ ಪೋರ್ಟಲಿನಲ್ಲಿ ದೇಶದ ಬೇರೆ ಬೇರೆ ಸಂಸ್ಥೆಗಳ ಉಪಕರಣಗಳ ಪಟ್ಟಿ ಇದೆ. ಶುಲ್ಕ ಕಟ್ಟಿ ಕಾಯ್ದಿರಿಸಿಕೊಳ್ಳಬಹುದು. ನ್ಯಾನೋ ವಿಷಯದವರಿಗೆ ಐಐಎಸ್‌ಸಿಯ ಸೌಲಭ್ಯಗಳನ್ನು ಹೊರಗಿನವರೂ ಬಳಸಲು ಐಎನ್‌ಯುಪಿ ಅನ್ನುವ ಕಾರ್ಯಕ್ರಮ ಬಂದಿದೆ. ಹಾಗಂತ ಪ್ರತಿ ಸ್ಯಾಂಪಲ್‌ಗೂ ಬೇರೆ ಊರಿಗೆ ಓಡಾಡಬೇಕಾದರೆ ದುಡ್ಡೂ ಸಮಯವೂ ಎಷ್ಟು ಹಿಡಿಯುತ್ತದೆ ಅಂತ ಮೊದಲೇ ಕೂಡಿಸಿ ನೋಡಿ.

ಇದೇ ಕಾರಣಕ್ಕೆ ಎಷ್ಟೋ ಜನ ಮೆಷಿನ್ ಲರ್ನಿಂಗ್ ಕಡೆ ತಿರುಗುತ್ತಾರೆ. ಕಂಪ್ಯೂಟರ್ ಇದ್ದರೆ ಸಾಕು, ಡೇಟಾ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಅಂತ. ವಿಷಯ ನಿಜವಾಗಿ ಹಿಡಿಸಿದ್ದರೆ ಸರಿ. ಸುಮ್ನೆ ಲ್ಯಾಬ್ ತಪ್ಪಿಸಿಕೊಳ್ಳಲು ಹೋಗಬೇಡಿ. ಎಲ್ಲರೂ ಬಳಸುವ ಡೇಟಾದ ಮೇಲೆ ನಿಖರತೆಯನ್ನು ಒಂದು ಪರ್ಸೆಂಟ್ ಏರಿಸುವ ಪೈಪೋಟಿಯಲ್ಲಿ ಜಗತ್ತಿನ ದೊಡ್ಡ ಕಂಪನಿಗಳು ನಿಮ್ಮ ಎದುರಿಗೆ ಇರುತ್ತವೆ. ಅದರ ಬದಲು ಯಾರ ಬಳಿಯೂ ಇಲ್ಲದ ಡೇಟಾ ನೀವೇ ಕೂಡಿಸಬಹುದು. ಕೈಬರಹದ ಹಳೆಯ ಕನ್ನಡ ಕಡತಗಳು, ನಮ್ಮ ತೆಂಗು ಅಡಿಕೆಯ ರೋಗದ ಚಿತ್ರಗಳು, ಬೀದರ್ ಕಡೆಯ ಕನ್ನಡದ ಧ್ವನಿ. ಅಲ್ಲಿ ನೀವು ಮುಂದಿರುತ್ತೀರಿ.

ಕೆಲಸದ ಮಟ್ಟಿಗೆ ಮೂರರಲ್ಲಿ ಬಾಗಿಲು ಜಾಸ್ತಿ ತೆರೆದಿರುವುದು ಇಲ್ಲಿಯೇ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಲು ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇಯ ನಿಯಮದ ಪ್ರಕಾರ ಪಿಎಚ್.ಡಿ ಬೇಕು. ಬೋಧನೆ ಬೇಡ ಅಂದರೆ ವಿಮಾನ ಸಂಶೋಧನೆಯ ಎನ್‌ಎಎಲ್, ಡಿಆರ್‌ಡಿಒ, ಇಸ್ರೋ, ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಗಳಿವೆ.

ಬಿಸಿನೆಸ್: ಕಂಪನಿ ಬಾಯಿ ಬಿಡುವುದಿಲ್ಲ

ಮ್ಯಾನೇಜ್‌ಮೆಂಟ್ ಪಿಎಚ್.ಡಿಯ ದೊಡ್ಡ ತೊಡಕು ಮಾಹಿತಿ. ಫೋನಿನಲ್ಲಿ "ಬನ್ನಿ ಸರ್, ಮಾಡೋಣ" ಅಂದ ಎಚ್‌ಆರ್‌ನವರು ಪತ್ರ ಕೊಟ್ಟ ಮೇಲೆ ಕಾನೂನು ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿಂದ ಉತ್ತರ ಬರುವುದಿಲ್ಲ. ಆಗ ಸ್ಕಾಲರ್ ಒಂದು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಕಳಿಸುತ್ತಾರೆ. ಪರಿಚಯದವರು ತುಂಬುತ್ತಾರೆ. ಅದನ್ನು ಸಾಫ್ಟ್‌ವೇರಿಗೆ ಹಾಕಿ ಯಾವುದು ಯಾವುದರ ಮೇಲೆ ಪರಿಣಾಮ ಬೀರುತ್ತದೆ ಅನ್ನುವ ಬಾಣ ಗುರುತಿನ ಚಿತ್ರ ಬರೆಸುತ್ತಾರೆ. ಹೀಗೆ ಬಂದ ಪ್ರಬಂಧಕ್ಕೆ ಡಿಗ್ರಿ ಸಿಗಬಹುದು, ಆದರೆ ಒಳ್ಳೆಯ ಜರ್ನಲ್ ಅದನ್ನು ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಎರಡು ಗಟ್ಟಿ ದಾರಿ ಇವೆ. ಒಂದು, ಈಗಾಗಲೇ ಇರುವ ಅಂಕಿಅಂಶ. ಸಿಎಂಐಇ ಅನ್ನುವ ಖಾಸಗಿ ಸಂಸ್ಥೆಯ ಪ್ರೋವೆಸ್ ಡೇಟಾಬೇಸಿನಲ್ಲಿ ಭಾರತದ ಕಂಪನಿಗಳ ಲೆಕ್ಕಪತ್ರ ವರ್ಷಾನುವರ್ಷ ಸಿಗುತ್ತದೆ. ಆದರೆ ಚಂದಾ ದುಬಾರಿ. ನೀವು ಸೇರುವ ಸಂಸ್ಥೆಯ ಲೈಬ್ರರಿಯಲ್ಲಿ ಇದೆಯೇ ಅಂತ ಮೊದಲೇ ಕೇಳಿ. ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿ, ರಿಸರ್ವ್ ಬ್ಯಾಂಕಿನ ಅಂಕಿಅಂಶ ಉಚಿತ. ಈ ದಾರಿಗೆ ಸ್ಟಾಟಿಸ್ಟಿಕ್ಸ್, ಎಕನಾಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶ ವಿಶ್ಲೇಷಿಸುವ ವಿಧಾನ) ಚೆನ್ನಾಗಿ ಬರಬೇಕು. ಗಣಿತ ಗೊತ್ತಿರುವ ಬಿ.ಇ. ಪದವೀಧರರು ಇಲ್ಲಿ ಎಂಬಿಎಯವರಿಗಿಂತ ಬೇಗ ನಿಲ್ಲುವುದನ್ನು ನೋಡಿದ್ದೇನೆ.

ಇನ್ನೊಂದು ದಾರಿ, ಬಾಗಿಲು ತೆರೆಯುವ ಕಡೆ ಹೋಗುವುದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾದ ನಾಡು ನಮ್ಮದು. ಸಹಕಾರ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಪೀಣ್ಯದ ಸಣ್ಣ ಕಾರ್ಖಾನೆಗಳು, ಇಳಕಲ್ ನೇಕಾರರು. ಇವರ ಬಗ್ಗೆ ಬಂದಿರುವ ಮ್ಯಾನೇಜ್‌ಮೆಂಟ್ ಸಂಶೋಧನೆ ಬೇಕಾದ್ದಕ್ಕಿಂತ ತುಂಬ ಕಡಿಮೆ. ಕನ್ನಡ ಬಲ್ಲ ಸಂಶೋಧಕರಿಗೆ ಅಲ್ಲಿ ಚಹಾ ಸಿಗುತ್ತದೆ, ಕೂರಲು ಜಾಗ ಸಿಗುತ್ತದೆ, ಲೆಕ್ಕದ ಪುಸ್ತಕವೂ ನಿಧಾನವಾಗಿ ಹೊರಗೆ ಬರುತ್ತದೆ.

ಬೆಂಗಳೂರಿನ ಐಐಎಂನಲ್ಲಿ ಮೊದಲು ಪಿಎಚ್.ಡಿ ಬದಲು ಫೆಲೋ ಅನ್ನುವ ಬಿರುದು ಕೊಡುತ್ತಿದ್ದರು. ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಪಿಎಚ್.ಡಿ ಪದವಿಯನ್ನೇ ಕೊಡಲು ಅಧಿಕಾರ ಬಂತು. ಅಲ್ಲಿ ಪ್ರವೇಶಕ್ಕೆ ಎಂಬಿಎ ಪರೀಕ್ಷೆಯಾದ ಕ್ಯಾಟ್ ಒಂದೇ ಅಲ್ಲ, ಗೇಟ್, ಜಿಮ್ಯಾಟ್, ಜಿಆರ್‌ಇ ಅಂಕವೂ ನಡೆಯುತ್ತದೆ. ಐಐಎಸ್‌ಸಿಯಲ್ಲೂ ಮ್ಯಾನೇಜ್‌ಮೆಂಟ್ ವಿಭಾಗ ಇದೆ ಅನ್ನುವುದು ಬಹಳ ಎಂಜಿನಿಯರುಗಳಿಗೆ ಗೊತ್ತಿಲ್ಲ.

ದುಡ್ಡು ಮತ್ತು ವಯಸ್ಸು

ನೆಟ್ ಪರೀಕ್ಷೆಯಲ್ಲಿ ಮುಂದೆ ಬಂದವರಿಗೆ ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಅದು ಸೀನಿಯರ್ ಫೆಲೋಶಿಪ್ (ಎಸ್‌ಆರ್‌ಎಫ್) ಆದ ಮೇಲೆ 42,000. ಶಿಕ್ಷಣ, ಮ್ಯಾನೇಜ್‌ಮೆಂಟ್, ಕಾಮರ್ಸ್ ಮೂರಕ್ಕೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಈ ನೆಟ್ ಪರೀಕ್ಷೆ ಇದೆ. ಸಿವಿಲ್, ಮೆಕ್ಯಾನಿಕಲ್‌ಗೆ ಇಲ್ಲ. ಅವರಿಗೆ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ ಮುಖ್ಯ. ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯಸ್ಸಿನ ಮಿತಿ 30, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷ ಸಡಿಲಿಕೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 70,000ದಿಂದ ಆರಂಭವಾಗಿ 80,000ದವರೆಗೆ ಹೋಗುತ್ತದೆ. ಅದು ವಿಜ್ಞಾನ, ತಂತ್ರಜ್ಞಾನದವರಿಗೆ. ಶಿಕ್ಷಣ ಮತ್ತು ಮ್ಯಾನೇಜ್‌ಮೆಂಟಿನವರು ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್ ಕೊಡುವ ಫೆಲೋಶಿಪ್ ನೋಡಿ, ವಿಜ್ಞಾನ ಎಂಜಿನಿಯರಿಂಗ್‌ನವರು ರಾಜ್ಯದ ವಿಜ್ಞಾನ ತಂತ್ರಜ್ಞಾನ ಸಂಸ್ಥೆ ಕೆಸ್ಟೆಪ್ಸ್ ಕೊಡುವುದನ್ನು ನೋಡಿ. ಖಾಸಗಿ ಕಾಲೇಜಿನ ರಿಸರ್ಚ್ ಸೆಂಟರಿನಲ್ಲಿ ಎಷ್ಟೋ ಸಲ ಸ್ಟೈಪೆಂಡ್ ಇರುವುದಿಲ್ಲ, ಶುಲ್ಕವನ್ನೂ ನೀವೇ ಕಟ್ಟಬೇಕು. ಮನೆಯ ಜವಾಬ್ದಾರಿ ಇರುವವರು ಇದನ್ನು ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ.

2024ರ ಜೂನ್‌ನಿಂದ ನೆಟ್ ಅಂಕವನ್ನು ಪಿಎಚ್.ಡಿ ಪ್ರವೇಶಕ್ಕೂ ಬಳಸುತ್ತಾರೆ. ಜೆಆರ್‌ಎಫ್ ಬಾರದವರಿಗೆ ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಈ ಅಂಕ ಒಂದೇ ವರ್ಷ ನಡೆಯುತ್ತದೆ.

ಕೆಲಸ ಬಿಡಲು ಆಗದವರಿಗೆ

ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್‌ಟೈಮ್‌ಗೆ ಅವಕಾಶ ಇದೆ. ಕೆಲಸ ಮಾಡುವ ಕಡೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಶುರುವಿನ ತರಗತಿಗಳು, ಅಂದರೆ ಕೋರ್ಸ್‌ವರ್ಕ್ ಬಿಡುವಂತಿಲ್ಲ. ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6, ಮರು ನೋಂದಣಿಯಿಂದ 8ರವರೆಗೆ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ 10ರವರೆಗೆ. ಪಾರ್ಟ್‌ಟೈಮ್ ಆಗಿ ಮಾಡಲು ಮೂರರಲ್ಲಿ ಸ್ವಲ್ಪ ಹಗುರಾಗಿರುವುದು ಅಂಕಿಅಂಶದ ಮೇಲೆ ನಡೆಯುವ ಮ್ಯಾನೇಜ್‌ಮೆಂಟ್ ಸಂಶೋಧನೆ. ಅದನ್ನು ರಾತ್ರಿಯೂ ಮಾಡಬಹುದು. ಶಾಲೆ ನಡೆಯುವುದು ಹಗಲಿನಲ್ಲಿ, ನೀವು ಕೆಲಸದಲ್ಲಿರುವ ಹೊತ್ತಿನಲ್ಲೇ ಅಲ್ವಾ? ಪ್ರಯೋಗದ ಎಂಜಿನಿಯರಿಂಗ್ ಪಾರ್ಟ್‌ಟೈಮ್‌ಗೆ ತುಂಬ ಕಷ್ಟ, ನಿಮ್ಮ ಕಾಲೇಜಿನಲ್ಲೇ ಲ್ಯಾಬ್ ಇದ್ದರೆ ಮಾತ್ರ ಯೋಚಿಸಿ.

ಆನ್‌ಲೈನ್‌ನಲ್ಲಿ ಪಿಎಚ್.ಡಿ ಮಾಡಿಸುತ್ತೇವೆ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಕೊಡುವ ಇಂಥ ಪದವಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ, ಎಐಸಿಟಿಇ ಎರಡೂ ಸೇರಿ 2022ರ ಅಕ್ಟೋಬರಿನಲ್ಲೇ ಎಚ್ಚರಿಸಿವೆ.

ಗೈಡ್

ವಿಷಯ ಯಾವುದೇ ಇರಲಿ, ಗೈಡ್ ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಪ್ರೊಫೆಸರ್ ಒಬ್ಬರ ಕೈಕೆಳಗೆ 8 ಜನ, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಜನ ಇರಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಶೋಧಗಂಗಾದಲ್ಲಿ ಅವರ ಹೆಸರು ಹಾಕಿ, ಅವರ ಕೈಯಲ್ಲಿ ಬಂದ ಎರಡು ಮೂರು ಪ್ರಬಂಧ ಓದಿ. ಆಮೇಲೆ ಅವರ ಈಗಿನ ಸ್ಕಾಲರ್‌ಗಳನ್ನು ಕ್ಯಾಂಪಸ್ಸಿನ ಹೊರಗೆ ಎಲ್ಲಾದರೂ ಭೇಟಿ ಮಾಡಿ ಕೇಳಿ: ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಬಿಟ್ಟು ಹೋದವರು ಇದ್ದಾರಾ? ಸ್ವಂತ ಕೆಲಸ, ಮನೆಗೆಲಸ ಹೇಳುತ್ತಾರಾ? ನಾಚಿಕೆ ಪಡಬೇಡಿ. ಹೆಣ್ಣುಮಕ್ಕಳು ಅಲ್ಲಿರುವ ಹಿರಿಯ ವಿದ್ಯಾರ್ಥಿನಿಯರನ್ನೇ ಹುಡುಕಿ ಮಾತಾಡುವುದು ಒಳ್ಳೆಯದು.

ಪೇಪರ್ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರಲ್ಲಿ ತೆಗೆದಿದೆ. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಕೇಳಿ. ಒಪ್ಪಿತ ಜರ್ನಲ್‌ಗಳನ್ನು ಹೇಳುತ್ತಿದ್ದ ಯುಜಿಸಿ-ಕೇರ್ ಪಟ್ಟಿಯೂ 2025ರ ಫೆಬ್ರವರಿಯಲ್ಲಿ ನಿಂತಿತು. ಹಾಗಾಗಿ ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ತೀರ್ಮಾನಿಸುವುದು ಈಗ ನಿಮ್ಮ ಮತ್ತು ಗೈಡ್ ಹೊಣೆ. ದುಡ್ಡು ಕಟ್ಟಿದ ವಾರದಲ್ಲಿ ಪ್ರಕಟಿಸುವ ಜರ್ನಲ್ ಕಡೆ ತಿರುಗಿಯೂ ನೋಡಬೇಡಿ.

ಎರಡರ ನಡುವೆ ಇರುವವರು

ಎಂ.ಟೆಕ್, ಎಂಬಿಎ ಎರಡೂ ಇದ್ದು ಎಂಜಿನಿಯರಿಂಗ್ ಕಾಲೇಜಿನಲ್ಲೇ ಮುಂದುವರಿಯುವವರು ಎಂಜಿನಿಯರಿಂಗ್‌ನಲ್ಲೇ ಮಾಡಿ. ಬಡ್ತಿಯ ಸಮಯದಲ್ಲಿ ವಿಷಯ ಬೇರೆ ಅನ್ನುವ ತಕರಾರು ಬರುವುದಿಲ್ಲ. ಕಾರ್ಖಾನೆ, ಸರಬರಾಜು, ತಂತ್ರಜ್ಞಾನ ನೀತಿಯಂಥ ಪ್ರಶ್ನೆ ಕಾಡುತ್ತಿದ್ದು ಕಾಲೇಜು ಬದಲಿಸಲು ಸಿದ್ಧ ಇದ್ದರೆ ಮ್ಯಾನೇಜ್‌ಮೆಂಟ್.

ಕೆಲವರಿಗೆ ಕಾಡುವ ಪ್ರಶ್ನೆ ಯಂತ್ರದ್ದಲ್ಲ, ತಮ್ಮ ವಿದ್ಯಾರ್ಥಿಗಳದ್ದು. ಪಿಯುಸಿಯಲ್ಲಿ ಒಳ್ಳೆಯ ಅಂಕ ತಂದವರು ಮೊದಲ ಸೆಮಿಸ್ಟರಿನಲ್ಲೇ ಯಾಕೆ ಎಡವುತ್ತಾರೆ? ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಸರ್ಕ್ಯೂಟ್ ಕಲಿಯುವಾಗ ಭಾಷೆ ಎಲ್ಲಿ ಅಡ್ಡ ಬರುತ್ತದೆ? ಎಂ.ಎಡ್ ಇಲ್ಲದ ಕಾರಣ ಶಿಕ್ಷಣ ವಿಭಾಗ ಇವರನ್ನು ತೆಗೆದುಕೊಳ್ಳದೆ ಇರಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2004ರಲ್ಲೇ ಎಂಜಿನಿಯರಿಂಗ್ ಶಿಕ್ಷಣಕ್ಕೆಂದೇ ವಿಭಾಗ ತೆರೆಯಿತು. ನಮ್ಮಲ್ಲಿ ಐಐಟಿ ಬಾಂಬೆ 2010ರಿಂದ ಶಿಕ್ಷಣ ತಂತ್ರಜ್ಞಾನದಲ್ಲಿ ಪಿಎಚ್.ಡಿ ಕೊಡುತ್ತಿದೆ, ಎಂಜಿನಿಯರುಗಳು ಅಲ್ಲಿ ಸೇರಬಹುದು. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಎಂಜಿನಿಯರಿಂಗ್ ಶಿಕ್ಷಣದ ಸಂಶೋಧನೆಗೆ ಕೇಂದ್ರ ಇದೆ. ಮೊದಲು ಅಲ್ಲಿನವರಿಗೆ ಒಂದು ಪುಟದಲ್ಲಿ ನಿಮ್ಮ ಪ್ರಶ್ನೆ ಬರೆದು ಕಳಿಸಿ. ನಿಮ್ಮ ತರಗತಿಯಲ್ಲಿ ಕಂಡದ್ದನ್ನೇ ಬರೆಯಿರಿ, ಪುಸ್ತಕದ ಮಾತು ಬೇಡ.